ಬೆಟಗೇರಿಯ ರೇಷ್ಮೆ ತಂತಿ

ಹೋದ ತಿಂಗಳು ಗದಗಿನ ಆಸ್ಪತ್ರೆಯೊಂದರಲ್ಲಿ ನನ್ನ ಹೊಟ್ಟೆ ಕೊಯ್ದು ಮತ್ತೆ ಹೊಲಿದರು. ದೊಡ್ಡ ಕಾಯಿಲೆಯೇನಲ್ಲ, ಹರ್ನಿಯಾ. ಎಪ್ಪತ್ತು ದಾಟಿದ ಗಂಡಸರಿಗೆ ಅದು ಪಿಂಚಣಿಯ ಹಾಗೆ ತಾನಾಗಿ ಬರುತ್ತದಂತೆ. ಮೂರನೆಯ ದಿನ ನೋಡಲು ಬಂದ ಡಾಕ್ಟರಮ್ಮನನ್ನು ಹೊಲಿಗೆ ಬಿಚ್ಚುವುದು ಯಾವಾಗ ಎಂದು ಕೇಳಿದೆ.

“ಒಳಗಿನ ಹೊಲಿಗಿ ಬಿಚ್ಚೂದಿಲ್ರಿ ಅಜ್ಜಾರ, ತಾನ ಕರಗತೈತಿ. ಅದು ನೂಲಲ್ಲ, ಕುರಿ ಕರುಳಿನ ದಾರ,” ಎಂದಳು.

ನನಗೆ ನಗು ಬಂತು. ನಕ್ಕರೆ ಹೊಟ್ಟೆ ಎಳೆಯುತ್ತದೆ, ಎಳೆದರೆ ನೋಯುತ್ತದೆ, ಆದರೂ ನಗು ನಿಲ್ಲಲಿಲ್ಲ. ಕೊರಳಲ್ಲಿ ಲಿಂಗ, ಹೊಟ್ಟೆಯಲ್ಲಿ ಕುರಿಯ ಕರುಳು. ಮಗ್ಗುಲಲ್ಲಿ ಕೂತಿದ್ದ ಸೊಸೆ ಗಾಬರಿಯಾಗಿ, “ಮಾವಾರಿಗೆ ಔಷಧ ತಲಿಗೇರೇತಿ ಕಾಣ್ತೈತ್ರಿ,” ಎಂದಳು. ಔಷಧ ಏರಿರಲಿಲ್ಲ. ಏರಿದ್ದು ಹಳೆಯ ಸಂಗತಿ. ಅದನ್ನು ಆಸ್ಪತ್ರೆಯಲ್ಲಿ ಯಾರಿಗೂ ಹೇಳಲು ಆಗಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಸ್ವಾತಂತ್ರ್ಯ ಬಂದ ವರ್ಷ ನಾವು ನಾಲ್ವರು ಸೇರಿ ಒಂದು ಮೇಳ ಕಟ್ಟಿದೆವು. ನಾಲ್ಕೂ ತಂತಿವಾದ್ಯ. ಶಿರಹಟ್ಟಿಯ ಗುಂಡಾಚಾರ್ಯರದು ಪಿಟೀಲು. ಲಕ್ಷ್ಮೇಶ್ವರದ ಹುಸೇನಸಾಬರದು ಸಾರಂಗಿ. ಮುಂಡರಗಿಯ ಈರಣ್ಣನದು ಸಿತಾರ್. ಬೆಟಗೇರಿಯ ನಾನು, ಬಸಪ್ಪ, ತಂಬೂರಿ. ತಬಲಾ ಯಾಕಿಲ್ಲ ಎಂದು ಎಲ್ಲ ಊರಿನಲ್ಲೂ ಕೇಳುತ್ತಿದ್ದರು. ಇದ್ದ ಒಬ್ಬ ತಬಲಾದವನನ್ನು ನಾಟಕ ಕಂಪನಿಯವರು ಊಟ ಹಾಕಿ ಕರೆದುಕೊಂಡು ಹೋಗಿದ್ದರು. ಆಚಾರ್ಯರು ಮಾತ್ರ “ಇದು ಹೊಸಾ ಪ್ರಯೋಗ” ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದರು. ಜನ ತಲೆಯಾಡಿಸುತ್ತಿದ್ದರು. ಪ್ರಯೋಗ ಎಂದರೆ ನಮ್ಮ ಕಡೆಯ ಜನ ತುಸು ಹೆಚ್ಚು ತಾಳಿಕೊಳ್ಳುತ್ತಾರೆ.

ನನ್ನ ವಾದ್ಯದ ಬಗ್ಗೆ ಒಂದು ಮಾತು. ತಂಬೂರಿಗೆ ನಾಲ್ಕು ತಂತಿ, ಅವನ್ನು ಒಂದಾದ ಮೇಲೊಂದರಂತೆ ಮೀಟುತ್ತ ಹೋಗಬೇಕು, ಅಷ್ಟೇ. ಉಳಿದವರು ರಾಗ ಬೆಳೆಸುತ್ತಾರೆ, ಬೆವರುತ್ತಾರೆ, ತಪ್ಪುತ್ತಾರೆ, ಶಾಭಾಸ್ ಪಡೆಯುತ್ತಾರೆ. ತಂಬೂರಿಯವನು ತಪ್ಪುವ ಹಾಗೂ ಇಲ್ಲ, ಹೊಗಳಿಸಿಕೊಳ್ಳುವ ಹಾಗೂ ಇಲ್ಲ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ಒಮ್ಮೆ ಪೂರ್ತಿ ಕೇಳಿ, “ಇಷ್ಟ ಏನ್ರಿ? ಮಗ್ಗದ ಲಾಳಿನ ಛಲೋ, ಅದು ಅರ್ಧಾ ತಾಸಿಗೆ ಒಂದು ಗೇಣು ಸೀರಿನರ ಕೊಡತೈತಿ,” ಎಂದಿದ್ದಳು. ಆದರೂ ನನಗೆ ಆ ಮೇಳದ ಮೇಲೆ ಜೀವ. ಹಗಲಿಡೀ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವವನಿಗೆ ವಾರಕ್ಕೊಮ್ಮೆ ಇಸ್ತ್ರಿ ಅಂಗಿ ತೊಟ್ಟು ಜಮಖಾನೆಯ ಮೇಲೆ ಕೂರುವುದೆಂದರೆ ಸಣ್ಣ ಮಾತಲ್ಲ. ಬೇರೆ ಯಾವ ಮೇಳದವರೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು.

ಆಗ ಗದಗು, ಮುಂಡರಗಿ ಇಂಗ್ರೇಜರ ಸೀಮೆ. ಲಕ್ಷ್ಮೇಶ್ವರ, ಶಿರಹಟ್ಟಿ ಬೇರೆ ಬೇರೆ ಸಂಸ್ಥಾನದವು. ಒಂದು ಸಂಗೀತದ ಬೈಠಕಿಗೆ ಹೋಗಬೇಕಾದರೆ ಚಕ್ಕಡಿ ಎರಡು ಸುಂಕದ ನಾಕಾ ದಾಟಬೇಕು. ಒಮ್ಮೆ ನಾಕಾದ ಸಿಪಾಯಿ ನನ್ನ ತಂಬೂರಿಯ ಬುರುಡೆ ತಟ್ಟಿ, “ಒಳಗ ಏನೈತಿ?” ಎಂದ.

“ಏನೂ ಇಲ್ರಿ.”

“ಏನೂ ಇಲ್ಲದ್ದನ್ನ ಇಷ್ಟು ಜ್ವಾಕಿ ಮಾಡಿ ಒಯ್ಯಾಕ ನಿನಗೇನು ಹುಚ್ಚೇನು?”

ಹುಸೇನಸಾಬರು ಬಿದ್ದು ಬಿದ್ದು ನಕ್ಕರು. ಸಾಬರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಎತ್ತರದ ಆಳು, ಮೀಸೆಗೆ ದಿನಾ ಎಣ್ಣೆ. ಅಹಂಕಾರ ಬೇಕಾದಷ್ಟಿತ್ತು. ತಮ್ಮಂಥ ಸಾರಂಗಿ ಪುಣೆಯ ತನಕ ಇಲ್ಲ ಎನ್ನುವುದನ್ನು ಅವರೇ ಹೇಳುತ್ತಿದ್ದರು, ಬೇರೆಯವರು ಹೇಳಲಿ ಎಂದು ಕಾಯುತ್ತಿರಲಿಲ್ಲ. ಆಗಸ್ಟಿನಲ್ಲಿ ನಾವೆಲ್ಲ ಬಾವುಟ ಹಾರಿಸಿ ಪೇಢೆ ಹಂಚಿದರೆ, “ನಿಮಗ ಬಂದೈತಿ ಸ್ವಾತಂತ್ರ್ಯ, ನಮ್ಮೂರಿಗೆ ಇನ್ನೂ ಚಕ್ಕಡ್ಯಾಗ ಐತಿ,” ಎಂದು ಪೇಢೆಯನ್ನು ಮಾತ್ರ ಎರಡು ತಿಂದಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಸಾರಂಗಿಯ ಮುಖ್ಯ ತಂತಿ ಲೋಹದ್ದಲ್ಲ, ಆಡಿನ ಕರುಳನ್ನು ಹೊಸೆದು ಮಾಡಿದ ಹುರಿ. ನಮಗೆ ಬರುತ್ತಿದ್ದ ಕರೆಗಳೋ ಹೆಚ್ಚಾಗಿ ದೊಡ್ಡ ಮನೆತನದವರ ವಾಡೆಗಳಿಂದ. ರಾಮನವಮಿ, ತೊಟ್ಟಿಲು, ಅನಂತನ ವ್ರತ. ಬೈಠಕು ನಡೆಯುವುದು ಪಡಸಾಲೆಯಲ್ಲಿ, ಪಡಸಾಲೆಗೆ ಹತ್ತಿಯೇ ದೇವರ ಮನೆ. ಮೊದಲ ಕರೆ ಬಂದಾಗ ಶಿರಹಟ್ಟಿಯಲ್ಲಿ ಆಚಾರ್ಯರ ಮನೆಯ ಕಟ್ಟೆಯ ಮೇಲೆ ನಾಲ್ವರೂ ಕೂತೆವು. ಆಚಾರ್ಯರು ಶಾಲೆಯ ಮಾಸ್ತರು, ಕೆಟ್ಟ ಮನುಷ್ಯರಲ್ಲ, ನನಗೆ ಶ್ರುತಿ ಕೂಡಿಸಲು ಕಲಿಸಿದವರೇ ಅವರು. ಆದರೆ ನಿಯಮವೆಂದರೆ ನಿಯಮ.

“ಹುಸೇನಸಾಬರು ಒಳಗ ಬರ್ಲಿ, ಅದಕ್ಕೇನೂ ಅಡ್ಡಿ ಇಲ್ಲ,” ಎಂದರು. “ಸಾರಂಗಿ ಮಾತ್ರ ಹೊರಗಿರ್ಬೇಕಾಗ್ತದ. ಕರುಳು ನೋಡ್ರಿ ಅದು.”

ಸಾಬರು ಮೀಸೆಯ ಮೇಲೆ ಕೈಯಾಡಿಸಿದರು. “ನಾ ಒಳಗ, ಸಾರಂಗಿ ಹೊರಗ. ಹಂಗಾದ್ರ ನಾ ಒಳಗ ಕುಂತು ಸೀಟಿ ಹೊಡಿಲ್ರಿ ಏನು?”

ಈರಣ್ಣ ನಕ್ಕ. ಆಮೇಲೆ ನಗಬಾರದಿತ್ತೇನೋ ಎಂದು ಸಿತಾರಿನ ಕಿವಿ ತಿರುವತೊಡಗಿದ. ಅವನು ಸಿತಾರ್ ಕೂಡಿಸಲು ಶುರುಮಾಡಿದರೆ ಅಡುಗೆ ಆಗುವ ತನಕ ಮುಗಿಸುತ್ತಿರಲಿಲ್ಲ.

“ಗುಡಿಯೊಳಗ ನಗಾರಿ ಐತಲ್ರಿ ಆಚಾರ್ರ, ಅದು ಚರ್ಮ ಅಲ್ಲೇನ್ರಿ?” ಎಂದರು ಸಾಬರು.

“ಚರ್ಮ ನಡೀತದ. ಕರುಳು ನಡೆಯೂದಿಲ್ಲ.”

“ನಿಮ್ಮ ಕಮಾನಿಗಿ ಕುದರಿ ಕೂದಲಾ ಅವ.”

“ಕೂದಲಕ್ಕೇನು? ದೇವರ ಮುಂದ ಚೌರಿ ಬೀಸೂದಿಲ್ಲೇನು?”

ಎಲ್ಲಕ್ಕೂ ಉತ್ತರ ಸಿದ್ಧವಿತ್ತು. ಆಗ ಸಾಬರು ಮೆಲ್ಲಗೆ, ಪಾನಿನ ಮೇಲೆ ಸುಣ್ಣ ಸವರುತ್ತ ಕೇಳಿದರು: “ಮತ್ತ ನಿಮ್ಮ ಪಿಟೀಲಿನ ತಂತಿ ಯಾವುದ್ರಿ?”

“ಒಂದು ಉಕ್ಕು. ಉಳಿದ ಮೂರು ರೇಶ್ಮಿ. ಜರ್ಮನ್ ರೇಶ್ಮಿ. ಮಡಿಗೆ ಒಳ್ಳೇದು.” ಆಚಾರ್ಯರು ಇದನ್ನು ಎಲ್ಲಿಂದ ಕೇಳಿದ್ದರೋ ತಿಳಿಯದು. ಪಿಟೀಲು ಮಾರಿದ ಅಂಗಡಿಯವ ಹೇಳಿರಬೇಕು. ನನ್ನ ಕಡೆ ತಿರುಗಿ, “ಬಸಪ್ಪಾ, ನೀವು ರೇಶ್ಮಿ ಮಂದಿ. ನೀನ ಮುಟ್ಟಿ ಹೇಳಿಬಿಡು ಸಾಬರಿಗೆ,” ಎಂದು ಪಿಟೀಲನ್ನೇ ನನ್ನ ತೊಡೆಯ ಮೇಲಿಟ್ಟರು.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಸೀರೆಯ ಸೆರಗಿಗೆ ರೇಷ್ಮೆ ಹಾಕಿ ನೇಯುತ್ತಾರೆ. ಒಂದು ಪೀತಾಂಬರಕ್ಕೆ ಎಷ್ಟು ಹುಳ ಕುದಿಯುವ ನೀರು ಕಾಣುತ್ತವೆ ಎನ್ನುವುದು ನೇಯುವವರಿಗೆ ಗೊತ್ತು, ಉಟ್ಟು ಪೂಜೆಗೆ ಕೂರುವವರು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಕಣ್ಣು ಕಟ್ಟಿದರೂ ರೇಷ್ಮೆ ಯಾವುದು ಎಂದು ನನ್ನ ಬೆರಳು ಹೇಳುತ್ತದೆ. ಎರಡನೆಯ ತಂತಿಯ ಮೇಲೆ ಹೆಬ್ಬೆರಳಿಟ್ಟೆ. ರೇಷ್ಮೆಗೆ ಎಳೆ ಇರುತ್ತದೆ. ಇದಕ್ಕೆ ಎಳೆಯಿರಲಿಲ್ಲ. ಒಣಗಿದ ನರದ ಹಾಗೆ ಗಟ್ಟಿಯಾಗಿ ನುಣುಪಾಗಿತ್ತು. ಅದು ಸಾರಂಗಿಗೆ ಕಟ್ಟಿದ್ದೇ ಆಗಿತ್ತು, ತುಸು ಸಣ್ಣದು ಅಷ್ಟೇ.

ತಲೆಯೆತ್ತಿದಾಗ ಸಾಬರು ನನ್ನನ್ನೇ ನೋಡುತ್ತಿದ್ದರು. ಆಚಾರ್ಯರೂ ನೋಡುತ್ತಿದ್ದರು. ನಿಜ ಹೇಳಿದರೆ ಆಚಾರ್ಯರು ಪಿಟೀಲು ಮುಟ್ಟುವುದನ್ನೇ ಬಿಡುತ್ತಾರೆ, ಅಲ್ಲಿಗೆ ಮೇಳವೂ ಮುಗಿಯಿತು, ನನ್ನ ಇಸ್ತ್ರಿ ಅಂಗಿಯೂ ಮುಗಿಯಿತು. ಇಷ್ಟು ಲೆಕ್ಕ ಹಾಕಲು ನನಗೆ ಒಂದು ಉಸಿರು ಸಾಕಾಯಿತು.

“ರೇಶ್ಮಿನ ಐತ್ರಿ,” ಎಂದೆ.

ಸಾಬರು ಪಾನನ್ನು ಬಾಯಿಗೆ ಹಾಕಿಕೊಂಡರು. “ಆತು ತಗೋರಿ. ನಾ ಹೊರಗ ಜಗಲಿ ಮ್ಯಾಲ ಕುಂಡ್ರತೀನಿ. ಗಾಳಿನರ ಬರತೈತಿ, ಬೀಡಿ ಸೇದಾಕೂ ಅಡ್ಡಿ ಇಲ್ಲ.”

ಹೀಗೆ ನಮ್ಮ ಮೇಳ ಒಂಬತ್ತು ವರ್ಷ ಒಂದು ಗೋಡೆಯ ಎರಡು ಬದಿಗೆ ಕೂತು ನುಡಿಸಿತು. ಮೂವರು ಒಳಗೆ, ಒಬ್ಬರು ಹೊರಗೆ. ನಡುವೆ ಒಂದು ಕಿಟಕಿ. ಸಾಬರಿಗೆ ಶ್ರುತಿ ಕೇಳಬೇಕಲ್ಲ, ಅದಕ್ಕೆ ತಂಬೂರಿಯ ಜಾಗ ಕಿಟಕಿಗೆ ಹತ್ತಿಕೊಂಡೇ. ನನ್ನ ಜೀವನದಲ್ಲಿ ನನಗೆ ಸಿಕ್ಕ ಒಂದೇ ಒಂದು ಮಹತ್ವದ ಜಾಗ ಅದು. ಒಳಗೆ ಹತ್ತೆಂಟು ಹಿರಿಯರು ಲೋಡಿಗೆ ಒರಗಿ ಅರ್ಧ ಕಣ್ಣು ಮುಚ್ಚುತ್ತಿದ್ದರು. ಹೊರಗೆ ಊರಿಗೆ ಊರೇ ಸಾಬರ ಸುತ್ತ ಸೇರುತ್ತಿತ್ತು. ಹರ್ತಿ ಊರಿನಲ್ಲಂತೂ ಜಗಲಿಯ ಮುಂದೆ ಶೇಂಗಾ ಮಾರುವವಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೊರಗಿನವರು “ವ್ಹಾ” ಎಂದರೆ ಒಳಗಿನವರಿಗೆ ತಾವೇನೋ ಕಳೆದುಕೊಂಡೆವು ಎನಿಸಿ ಅವರೂ “ವ್ಹಾ” ಎನ್ನುತ್ತಿದ್ದರು. ಸಾಬರು ಹೊರಗೆ ಖುಷಿಯಾಗಿದ್ದಾರೆ ಎಂದು ನಾನು ನಂಬಿದ್ದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಮೇಳ ಶುರುವಾಗಿ ಆರು ತಿಂಗಳಿಗೇ ಆಚಾರ್ಯರ ಪಿಟೀಲಿನ ತಂತಿ ಹರಿಯಿತು. ಯುದ್ಧ ಮುಗಿದಿದ್ದರೂ ವಿಲಾಯತಿ ತಂತಿ ಹುಬ್ಬಳ್ಳಿಗೂ ಬರುತ್ತಿರಲಿಲ್ಲ. ಆಚಾರ್ಯರು ಮುಖ ಸಣ್ಣ ಮಾಡಿ, “ಬಸಪ್ಪಾ, ಬೆಟಗೇರ್ಯಾಗ ಯಾರರ ರೇಶ್ಮಿ ಹೊಸೆದು ಕೊಡ್ತಾರೇನು ನೋಡು,” ಎಂದರು. ನಾನು ಬೆಟಗೇರಿಗೆ ಹೋಗಲಿಲ್ಲ. ನೆಟ್ಟಗೆ ಲಕ್ಷ್ಮೇಶ್ವರಕ್ಕೆ ಹೋಗಿ ಹುಸೇನಸಾಬರ ಮುಂದೆ ಕೂತೆ. ಹೇಗೆ ಶುರುಮಾಡಬೇಕೋ ತಿಳಿಯದೆ ಮಳೆ ಬೆಳೆಯ ಮಾತಾಡಿದೆ.

“ತಂತಿ ಹರೀತೇನು?” ಎಂದರು ಸಾಬರು.

ಅವರ ಮೈದುನ ಹತ್ತಿ ಹಿಂಜುವ ಪಿಂಜಾರ. ಹಿಂಜುವ ಬಿಲ್ಲಿಗೂ ಕರುಳಿನ ಹುರಿಯೇ ಬೇಕು, ಅದನ್ನು ಅವನೇ ಹೊಸೆಯುತ್ತಿದ್ದ. ಅವನ ಕೈಯಿಂದ ಸಣ್ಣದಾಗಿ ಮೂರು ಹುರಿ ಹೊಸೆಸಿ, ಎಣ್ಣೆ ಸವರಿ, ಹಳೆಯ ವಲ್ಲಿಬಟ್ಟೆಯ ಚೂರಿನಲ್ಲಿ ಸುತ್ತಿ ಸಾಬರು ನನ್ನ ಕೈಗಿಟ್ಟರು. ನಾನು ಒಯ್ದು ಆಚಾರ್ಯರಿಗೆ ಕೊಟ್ಟೆ. ಏರಿಸಿ, ಕೂಡಿಸಿ, ಕಮಾನು ಎಳೆದು ಅವರು ಕಣ್ಣರಳಿಸಿದರು. “ಏನ್ ಛಲೋ ನಾದ ಅದ! ಬೆಟಗೇರಿ ರೇಶ್ಮಿ ಮುಂದ ಜರ್ಮನಿದು ಏನೂ ಅಲ್ಲ ಬಿಡು!”

ಆಮೇಲೆ ಪ್ರತಿ ಆರು ತಿಂಗಳಿಗೊಮ್ಮೆ ಇದೇ ನಡೆಯಿತು. ಆಚಾರ್ಯರು ಊರೂರಲ್ಲಿ ಬೆಟಗೇರಿಯ ರೇಷ್ಮೆ ತಂತಿಯ ಮಹಿಮೆ ಹೇಳಿದರು. ಯಳವತ್ತಿಯ ಗೌಡರ ಮನೆಯಾಕೆ ಅದೇ ರೇಷ್ಮೆಯದು ತನಗೊಂದು ಸೀರೆ ಬೇಕೆಂದು ನನಗೆ ಹೇಳಿ ಕಳಿಸಿದಳು. ಆ ಮಾತು ಕೇಳಿ ಸಾಬರು ಸಾರಂಗಿ ಕೆಳಗಿಟ್ಟು ನಕ್ಕರು. “ನೇದು ಕೊಡಲೇ ಬಸ್ಯಾ, ಹಬ್ಬಕ್ಕ ಉಟ್ಗೊಂಡ ಬರ್ಲಿ!” ನಾನೂ ನಕ್ಕೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಯಾರು ರೇಷ್ಮೆ ಎಂದರೂ ಬೆಚ್ಚುತ್ತಿದ್ದೆ, ಅದೂ ಬೆಟಗೇರಿಯಲ್ಲಿದ್ದುಕೊಂಡು.

ಹಿರೇವಡ್ಡಟ್ಟಿಯ ಮಳೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಧ್ಯಾಹ್ನದ ಬೈಠಕು, ಭೀಮಪಲಾಸ ರಾಗ ಏರುತ್ತಿತ್ತು. ಹೊರಗೆ ಇದ್ದಕ್ಕಿದ್ದ ಹಾಗೆ ಅಡ್ಡಮಳೆ ಹೊಡೆಯಿತು. ಜಗಲಿಯ ಮುಂದಿದ್ದ ಮಂದಿ ಚದುರಿದರು. ಕಿಟಕಿಯಲ್ಲಿ ನೋಡಿದೆ. ಸಾಬರು ರುಮಾಲು ಬಿಚ್ಚಿ ಸಾರಂಗಿಗೆ ಸುತ್ತಿ, ಅದನ್ನು ಎದೆಗವುಚಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಬರಿದಾದ ತಲೆಯ ಮೇಲಿಂದ ನೀರು ಹರಿದು ಕೊರಳಿಗೆ ಇಳಿಯುತ್ತಿತ್ತು. ಒಳಗೆ ಬರ್ರಿ ಎನ್ನಲು ನನ್ನ ನಾಲಗೆ ಏಳಲಿಲ್ಲ. ಏಳಬೇಕಾದರೆ ಒಂದು ನಿಯಮ ಮುರಿಯಬೇಕು, ಆ ನಿಯಮಕ್ಕೆ ಸಾಕ್ಷಿ ಹೇಳಿದವನೇ ನಾನು. ತಂಬೂರಿ ಮೀಟುತ್ತಲೇ ಇದ್ದೆ. ಸಾರಂಗಿ ನಿಂತದ್ದು ಒಳಗಿನವರಿಗೆ ತಿಳಿಯಲೇ ಇಲ್ಲ. ಬೈಠಕು ಮುಗಿದ ಮೇಲೆ ಮನೆಯ ಯಜಮಾನರು, “ಇವತ್ತ ಸಾರಂಗಿ ಭಾಳ ಛಲೋ ಆತ್ರಿ,” ಎಂದರು. ಆ ಕ್ಷಣ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ಹೇಸಿಗೆಯಾದ ಕೂಡಲೇ ಹೋಗಿ ನಿಜ ಹೇಳಿದೆ ಎಂದುಕೊಂಡಿರಾದರೆ ನನ್ನ ಪರಿಚಯ ನಿಮಗಿನ್ನೂ ಸರಿಯಾಗಿ ಆಗಿಲ್ಲ. ಮತ್ತೆರಡು ವರ್ಷ ತೆಗೆದುಕೊಂಡೆ.

ಅಷ್ಟರಲ್ಲಿ ನಾಕಾಗಳು ಹೋಗಿದ್ದವು, ಸಂಸ್ಥಾನಗಳು ಹೋಗಿದ್ದವು, ಈಗ ಕನ್ನಡದವರೆಲ್ಲ ಒಂದೇ ರಾಜ್ಯವಾಗುವ ದಿನ ಗೊತ್ತಾಯಿತು. ಏಕೀಕರಣದ ದಿನ ಗದಗಿನ ದೇಸಾಯರ ವಾಡೆಯಲ್ಲಿ ನಮ್ಮ ಬೈಠಕು ಎಂದು ಕರೆ ಬಂತು. ಶಿರಹಟ್ಟಿಗೆ ಹೋಗಿ ತಿಳಿಸಿದೆ. ಆಚಾರ್ಯರಿಗೆ ಸಂಭ್ರಮವೋ ಸಂಭ್ರಮ. “ವಾಡೆ ದೊಡ್ಡದು ಅದ. ಸಾಬರಿಗೆ ಹೊರಗ ಬೇಕಾದಷ್ಟು ಜಾಗ,” ಎಂದರು. ಎಷ್ಟು ಪ್ರೀತಿಯಿಂದ ಅಂದರೆಂದರೆ ನನಗೆ ಇನ್ನು ತಡೆಯಲಾಗಲಿಲ್ಲ.

“ಆಚಾರ್ರ, ನಿಮ್ಮ ತಂತಿ ರೇಶ್ಮಿ ಅಲ್ರಿ. ಅದೂ ಕರುಳ. ಮೊದಲಿಂದನೂ ಕರುಳ. ನನಗ ಗೊತ್ತಿತ್ತು.”

ಅವರು ಪಿಟೀಲಿನಿಂದ ಒಂದು ತಂತಿ ಸಡಿಲಿಸಿ ತೆಗೆದು, ಅಂಗಳದ ಬಿಸಿಲಿಗೆ ಹಿಡಿದು, ತುದಿಯನ್ನು ಉಗುರಿನಿಂದ ಬಿಡಿಸಿ ಬಿಡಿಸಿ ನೋಡಿದರು.

“ಸಾಬರಿಗೆ ಗೊತ್ತಿತ್ತೇನು?”

“ಗೊತ್ತಿತ್ರಿ. ಈ ತಂತಿ ಕೊಟ್ಟಾವರ ಅವರು.”

ಆಚಾರ್ಯರು ಒಳಗೆ ಹೋದರು. ಬಾವಿಯ ಗಡಗಡಿ ಸಪ್ಪಳ ಕೇಳಿತು. ಕೊಡದ ಮೇಲೆ ಕೊಡ ಹೊಯ್ದುಕೊಳ್ಳುತ್ತಿದ್ದರು. ಇನ್ನು ಪಿಟೀಲನ್ನು ಇವರು ಮುಟ್ಟುವುದಿಲ್ಲ, ಮೇಳ ಮುಗಿಯಿತು ಎಂದುಕೊಂಡು ಕಟ್ಟೆಯ ಮೇಲೆ ಕೂತೆ. ಒದ್ದೆ ಪಂಚೆಯಲ್ಲೇ ಹೊರಗೆ ಬಂದರು.

“ಇಷ್ಟು ವರ್ಷ ದೇವರು ಕೇಳ್ಯಾನ, ಬ್ಯಾಡ ಅಂದಿಲ್ಲ. ಪಿಟೀಲು ಒಳಗ ಇರ್ತದಂದ್ರ ಸಾರಂಗಿನೂ ಒಳಗ. ಇಲ್ಲಾಂದ್ರ ಎರಡೂ ಹೊರಗ. ಮೂರನೇ ದಾರಿ ಇಲ್ಲ. ನಾ ದೇಸಾಯರಿಗೆ ಹೇಳ್ತೀನಿ.” ನನಗೆ ಒಂದು ಬೈಗುಳ ಸಹ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಏಕೀಕರಣದ ದಿನ ವಾಡೆಗೆ ಮಾವಿನ ತೋರಣ. ದೇಸಾಯರೇ ಬಾಗಿಲಿಗೆ ಬಂದು, “ಬರ್ರಿ ಸಾಬರ, ಒಳಗ ಬರ್ರಿ, ಇವತ್ತ ಎಲ್ಲಾರೂ ಒಂದು,” ಎಂದು ಕೈಹಿಡಿದು ಕರೆದೊಯ್ದರು. ಜಮಖಾನೆಯ ನಡುವೆ ಸಾಬರು ಕೂತರು. ಹೊಸ ರುಮಾಲು. ನಾಲ್ವರೂ ಒಂದೇ ಕೋಣೆಯಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ. ಆಚಾರ್ಯರು ಸಾಬರ ಕಡೆ ನೋಡಿ ಕಣ್ಣಲ್ಲೇ ಹೂಂ ಎಂದರು.

ಸಾಬರು ಕಮಾನು ಎಳೆದರು. ಪಡಸಾಲೆ ತುಂಬಿ ಒಡೆಯುವಂಥ ಸದ್ದು. ಪಿಟೀಲು ಅದರಡಿ ಮುಳುಗಿತು, ಸಿತಾರ್ ಇದೆಯೋ ಇಲ್ಲವೋ ತಿಳಿಯಲಿಲ್ಲ. ಮುಂದೆ ಕೂತ ಹಿರಿಯರೊಬ್ಬರು ಕಿವಿಯ ಹತ್ತಿರ ಕೈ ಒಯ್ದು, ಸಭ್ಯತೆಗೆ ಮತ್ತೆ ಇಳಿಸಿದರು. ಸಾಬರಿಗೂ ಗೊತ್ತಾಯಿತು. ಕಮಾನು ಹಗುರ ಮಾಡಿದರು. ಹಗುರ ಮಾಡಿದರೆ ಸ್ವರ ಗರಗರ ಎಂದಿತು. ಮತ್ತೆ ಒತ್ತಿದರು, ಮತ್ತೆ ಅದೇ. ಕಿಟಕಿಯಿಂದ ನಮ್ಮ ಸದ್ದು ಹೊರಗೆ ಮುಟ್ಟುವಷ್ಟು ಹೊತ್ತು ಕಾದು ನುಡಿಸುವ ರೂಢಿಯಾಗಿತ್ತು ಅವರಿಗೆ, ಈಗ ಪ್ರತಿ ಸಲವೂ ಒಂದು ಕೂದಲೆಳೆ ಹಿಂದೆ ಬೀಳುತ್ತಿದ್ದರು. ಎರಡನೆಯ ರಾಗದ ನಡುವೆಯೇ ನಿಲ್ಲಿಸಿ, “ಸೆಕಿ ಭಾಳ ಐತ್ರಿ,” ಎಂದು ಸಾರಂಗಿ ಎತ್ತಿಕೊಂಡು ಎದ್ದರು. ನವೆಂಬರದಲ್ಲಿ ಎಂಥ ಸೆಕೆ?

ಚಹದ ಹೊತ್ತಿಗೆ ನಾನೇ ಕಪ್ಪು ಹಿಡಿದು ಜಗಲಿಗೆ ಹೋದೆ. ಸಾಬರು ಸಾರಂಗಿಯ ಕಿವಿ ತಿರುಗಿಸುತ್ತಿದ್ದರು, ತಲೆ ಎತ್ತಲಿಲ್ಲ.

“ಒಂಬತ್ತ ವರ್ಷ ಗ್ವಾಡಿ ದಾಟಿ ಹೋಗೂ ಹಂಗ ತಿಕ್ಕೀನಿ. ಈಗ ಕೈ ಸಣ್ಣ ಆಗವಲ್ದು,” ಎಂದರು. “ಈ ವಯಸ್ಸಿನ್ಯಾಗ ಇನ್ನ ಆಗೂದಿಲ್ಲ ಬಿಡು.”

ಏನಾದರೂ ಹೇಳಬೇಕಿತ್ತು. ಹೇಳಬಾರದ್ದನ್ನೇ ಹೇಳಿದೆ. “ನೀವರ ಅವತ್ತ ಆಚಾರ್ರಿಗೆ ಹೇಳಬೇಕಿತ್ತಲ್ರಿ, ಸಾಬರ. ನಿಮಗೂ ಗೊತ್ತಿತ್ತು.”

ಈಗ ತಲೆ ಎತ್ತಿದರು. ಸಿಟ್ಟಿರಲಿಲ್ಲ. “ನಾ ಹೇಳಿದ್ರ ಸಾಬ ತನ್ನ ಸಲುವಾಗಿ ಹೇಳಿದಾ ಅಂತಿದ್ರು. ನೀ ಹೇಳಿದ್ರ ಖರೆ ಆಗತಿತ್ತು. ಅದಕ್ಕ ನಾ ನಿನ್ನ ಮಾರಿ ನೋಡಿದೆ ಬಸಣ್ಣಾ.”

ಬಸ್ಯಾ ಎನ್ನುವವರು ಅವತ್ತು ಮೊದಲ ಸಲ ಬಸಣ್ಣ ಎಂದರು. ಚಹ ಕುಡಿದು ಕಪ್ಪು ನನ್ನ ಕೈಗೆ ಕೊಟ್ಟರು.

ಉಳಿದ ಬೈಠಕನ್ನು ಅವರು ಹೊರಗಿಂದಲೇ ನುಡಿಸಿದರು. ನಮ್ಮ ಮೇಳ ನುಡಿಸಿದ ಕೊನೆಯ ಬೈಠಕು ಅದು, ಮುಂದಿನ ಕರೆಗೆ ಸಾಬರು ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸಿದರು, ಅದರ ಮುಂದಿನದಕ್ಕೆ ಹೇಳಿಯೂ ಕಳಿಸಲಿಲ್ಲ. ಆದರೆ ಅವತ್ತು ಜಗಲಿಯಿಂದ ಗೋಡೆ ದಾಟಿ ಬಂದ ಸಾರಂಗಿ ಹದವಾಗಿ ಬಂದು ಪಿಟೀಲಿನ ಪಕ್ಕ ನಿಂತಿತು. ಆಚಾರ್ಯರ ಕಣ್ಣು ಮುಚ್ಚಿತು. ಈರಣ್ಣನ ಸಿತಾರ್ ಕೇಳಿಸಿತು. ದೇಸಾಯರು ಲೋಡಿಗೆ ಒರಗಿ, “ಹಾಂ, ಈಗ ಬಂತು ನೋಡ್ರಿ,” ಎಂದರು. ಸುತ್ತ ಕೂತವರೆಲ್ಲರ ಹೆಗಲು ಒಂದಿಷ್ಟು ಇಳಿಯಿತು. ನನಗೂ ಹಾಯೆನಿಸಿತು. ಅದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ.